ಬೆರಳು, ಕಣ್ಣು ಮತ್ತು ಗಣಕಯಂತ್ರ

ಅಡಿಕೆ ಸುಲಿಯುವ ಕತ್ತಿಯನ್ನು ನಮ್ಮ ಕಡೆಯ ಹಳ್ಳಿಗಳಲ್ಲಿ ಕಾಣದವರಿಲ್ಲ. ಅದರ ಅಲಗು ಎಷ್ಟು ಎತ್ತರದಲ್ಲಿ ನಿಲ್ಲಬೇಕು, ಯಾವ ಕಡೆಗೆ ಬಾಗಿರಬೇಕು ಎಂಬುದನ್ನು ನಿರ್ಣಯಿಸಿದುದು ಯಾವ ಗ್ರಂಥವೂ ಅಲ್ಲ. ಅದರ ಮುಂದೆ ಗಂಟೆಗಟ್ಟಲೆ ಕುಳಿತು ದುಡಿಯುವವರ ಮೊಣಕೈ, ಮಣಿಕಟ್ಟು, ಬೆನ್ನು ಇವುಗಳೇ ನಿರ್ಣಾಯಕರು. ಕತ್ತಿಯು ಕೈಗೆ ಒಗ್ಗದಿದ್ದರೆ ಅದನ್ನು ಕಮ್ಮಾರನಲ್ಲಿಗೆ ಒಯ್ದು ಸರಿಪಡಿಸಿಕೊಳ್ಳುತ್ತಾರೆಯೇ ಹೊರತು ಕತ್ತಿಗೆ ತಕ್ಕಂತೆ ಕೈಯನ್ನು ತಿದ್ದಲು ಯಾರೂ ಹೋಗುವುದಿಲ್ಲ.

ಗಣಕಯಂತ್ರದ ವಿಷಯದಲ್ಲಿ ಮಾತ್ರ ಈ ನೀತಿ ತಲೆಕೆಳಗಾಗಿರುವುದನ್ನು ನೋಡುತ್ತೇವೆ. ಬ್ಯಾಂಕಿನ ಹಣದ ಯಂತ್ರದ ಮುಂದೆ, ಅಂಗೈಯಲ್ಲಿನ ಫೋನಿನ ಮುಂದೆ, ಪಡಿತರ ಅಂಗಡಿಯ ಬೆರಳಚ್ಚಿನ ಪೆಟ್ಟಿಗೆಯ ಮುಂದೆ ನಿಂತ ಹಿರಿಯರು, ಯಂತ್ರವು ತಮಗೆ ಒಲಿಯದಿದ್ದಾಗ, "ನಾನು ಓದಿದವನಲ್ಲ, ನನಗಿದು ತಿಳಿಯದು" ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಕತ್ತಿಯ ದೋಷವನ್ನು ಕೈಯ ಮೇಲೆ ಹೊರಿಸದ ಮನುಷ್ಯನು ಯಂತ್ರದ ದೋಷವನ್ನು ತನ್ನ ಬುದ್ಧಿಯ ಮೇಲೆ ಹೊರಿಸಿಕೊಳ್ಳುವುದೇಕೆ? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿ, ಅಳತೆ ಮತ್ತು ಪ್ರಯೋಗಗಳ ಮೂಲಕ ಉತ್ತರ ಹುಡುಕುವ ಒಂದು ಶಾಸ್ತ್ರವೇ ಇದೆ. ಇಂಗ್ಲಿಷಿನಲ್ಲಿ ಅದನ್ನು ಹ್ಯೂಮನ್ ಕಂಪ್ಯೂಟರ್ ಇಂಟರ್‌ಆ್ಯಕ್ಷನ್ ಎನ್ನುತ್ತಾರೆ. ನಾವು ಇಲ್ಲಿ ಅದನ್ನು ಮಾನವ-ಗಣಕ ವ್ಯವಹಾರ ಶಾಸ್ತ್ರವೆಂದು ಕರೆಯೋಣ. ಪದವಿ ತರಗತಿಗಳಲ್ಲಿ ಕಲಿಯಬಹುದಾದ ಈ ವಿಷಯದ ಸ್ವರೂಪವೇನು, ಅದಕ್ಕೆ ಬೇಕಾದ ಸಿದ್ಧತೆ ಏನು ಎಂಬುದನ್ನು ವಿದ್ಯಾರ್ಥಿ ಮಿತ್ರರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ವಿಮಾನ ಕಲಿಸಿದ ಪಾಠ

ಈ ಶಾಸ್ತ್ರದ ಬೇರುಗಳು ಗಣಕಯಂತ್ರಕ್ಕಿಂತಲೂ ಹಿಂದಿನವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಎಂಬ ಬಾಂಬರ್ ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ ಅಪಘಾತಕ್ಕೀಡಾಗುತ್ತಿದ್ದುವು. ಇಳಿದ ನಂತರ ರೆಕ್ಕೆಯ ಮಡಿಕೆಗಳನ್ನು ಮೇಲಕ್ಕೆತ್ತಬೇಕಾದ ಚಾಲಕರು ತಪ್ಪಿ ಚಕ್ರಗಳನ್ನೇ ಮೇಲಕ್ಕೆತ್ತಿಬಿಡುತ್ತಿದ್ದರು! ಚಾಲಕರ ಅಜಾಗರೂಕತೆಯೇ ಇದಕ್ಕೆ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಆಲ್ಫನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞನು ಹಾಗೆ ಮಾಡದೆ ಚಾಲಕನ ಆಸನದ ಮುಂದಿನ ಸಲಕರಣೆಗಳನ್ನು ಪರೀಕ್ಷಿಸಿದನು. ಚಕ್ರದ ಹಿಡಿಕೆ, ರೆಕ್ಕೆ ಮಡಿಕೆಯ ಹಿಡಿಕೆ ಎರಡೂ ಒಂದೇ ರೂಪದವು. ಒಂದರ ಪಕ್ಕದಲ್ಲೇ ಇನ್ನೊಂದು ಇದ್ದಿತು. ದಣಿದ ಚಾಲಕನ ಕೈ ಇವೆರಡನ್ನು ಹೇಗೆ ಬೇರ್ಪಡಿಸೀತು? ಚಪಾನಿಸನು ಒಂದಕ್ಕೆ ಪುಟ್ಟ ಚಕ್ರದ ಆಕಾರದ ಹಿಡಿಯನ್ನೂ ಇನ್ನೊಂದಕ್ಕೆ ರೆಕ್ಕೆಯಂತಹ ಚಪ್ಪಟೆ ಹಿಡಿಯನ್ನೂ ಸೂಚಿಸಿದನು. ಕಣ್ಣು ಹಾಯಿಸದೆಯೇ ಬೆರಳುಗಳು ಭೇದವನ್ನು ಅರಿಯುವಂತಾಯಿತು.

ಇದರಿಂದ ಸಿದ್ಧಿಸಿದ ತತ್ತ್ವ ಚಿಕ್ಕದು, ಆದರೆ ಅದರ ವ್ಯಾಪ್ತಿ ದೊಡ್ಡದು. ಅನೇಕರು ಒಂದೇ ಸ್ಥಳದಲ್ಲಿ ಒಂದೇ ತಪ್ಪನ್ನು ಮಾಡುತ್ತಿದ್ದರೆ ಮೊದಲು ಪರೀಕ್ಷಿಸಬೇಕಾದುದು ಆ ಸ್ಥಳವನ್ನು, ಆ ಜನರನ್ನಲ್ಲ.

ಕೈಯ ಚಲನೆಗೊಂದು ನಿಯಮ

ಇಂತಹ ಮಾತುಗಳು ಕೇವಲ ಉಪದೇಶವಾಗಿ ಉಳಿಯದೆ ವಿಜ್ಞಾನವಾಗಬೇಕಾದರೆ ಅಳತೆ ಬೇಕು. 1954ರಲ್ಲಿ ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ಅಂಥ ಒಂದು ಅಳತೆಯನ್ನು ಒದಗಿಸಿದನು. ಕೈಯು ಒಂದು ಗುರಿಯನ್ನು ಮುಟ್ಟಲು ಎಷ್ಟು ಕಾಲ ಬೇಕು? ಗುರಿ ದೂರವಿದ್ದಷ್ಟೂ ಹೆಚ್ಚು, ಅಗಲವಿದ್ದಷ್ಟೂ ಕಡಮೆ ಎಂಬುದು ಯಾರಿಗಾದರೂ ತಿಳಿದ ಸಂಗತಿ. ಆದರೆ ಎಷ್ಟು ಹೆಚ್ಚು, ಎಷ್ಟು ಕಡಮೆ?

ಕೈಯ ಚಲನೆಯನ್ನು ಹೀಗೆ ಕಲ್ಪಿಸಿಕೊಳ್ಳಿರಿ. ಕೈಯು ಗುರಿಯತ್ತ ಒಮ್ಮೆ ಚಲಿಸಿ, ಉಳಿದ ದೂರವನ್ನು ಕಣ್ಣಿನಿಂದ ಅಳೆದು, ಮತ್ತೆ ತಿದ್ದಿಕೊಂಡು ಮುಂದೆ ಹೋಗುತ್ತದೆ. ಪ್ರತಿಯೊಂದು ತಿದ್ದುಗೆಯಲ್ಲಿಯೂ ಉಳಿದ ದೂರ ಅರ್ಧವಾಗುತ್ತದೆಂದೂ ಪ್ರತಿಯೊಂದಕ್ಕೂ ಸಮಾನ ಕಾಲ ತಗಲುತ್ತದೆಂದೂ ಭಾವಿಸೋಣ. ಗುರಿಯ ಮಧ್ಯಬಿಂದು 16 ಸೆಂಟಿಮೀಟರ್ ದೂರದಲ್ಲಿದೆ. ಗುರಿಯ ಅಗಲ 1 ಸೆಂಟಿಮೀಟರ್. ಮಧ್ಯಬಿಂದುವಿನಿಂದ ಅರ್ಧ ಸೆಂಟಿಮೀಟರಿನೊಳಗೆ ಬಂದರೆ ಗುರಿ ಮುಟ್ಟಿದಂತೆ. ಉಳಿಯುವ ದೂರ ಕ್ರಮವಾಗಿ 8, 4, 2, 1, ½ ಆಗುವುದು. ಎಂದರೆ 5 ತಿದ್ದುಗೆಗಳು ಬೇಕು. ಗುರಿಯ ಅಗಲವನ್ನು 2 ಸೆಂಟಿಮೀಟರಿಗೆ ಏರಿಸಿದರೆ 4 ತಿದ್ದುಗೆಗಳು ಸಾಕು. ಬೀಜಗಣಿತದ ಭಾಷೆಯಲ್ಲಿ ಹೇಳುವುದಾದರೆ, ತಿದ್ದುಗೆಗಳ ಸಂಖ್ಯೆಯು ದೂರದ ಇಮ್ಮಡಿಯನ್ನು ಅಗಲದಿಂದ ಭಾಗಿಸಿ ಬಂದ ಸಂಖ್ಯೆಗೆ 2ನ್ನು ಆಧಾರವಾಗಿಟ್ಟುಕೊಂಡ ಲಾಗರಿತಮ್. ಇದನ್ನು ಆ ಕೆಲಸದ ಕಠಿನತಾಂಕವೆಂದು ಕರೆದು 'ಬಿಟ್'ಗಳಲ್ಲಿ ಹೇಳುತ್ತಾರೆ. ಮೇಲಿನ ಎರಡು ಉದಾಹರಣೆಗಳ ಕಠಿನತಾಂಕ 5 ಮತ್ತು 4 ಬಿಟ್‌ಗಳು. ಕಾಲವು ಈ ಅಂಕದೊಡನೆ ಸರಳರೇಖೆಯಂತೆ ಏರುತ್ತದೆಂಬುದೇ ಫಿಟ್ಸನ ನಿಯಮ. ನಾವು ಕೊಟ್ಟ ವಿವರಣೆ ನೈಜಚಲನೆಯ ಸರಳೀಕೃತ ಚಿತ್ರವೇ ಸರಿ; ಆದರೆ ಲಾಗರಿತಮ್ ಎಲ್ಲಿಂದ ಬಂದಿತೆಂಬುದನ್ನು ಅದು ಸ್ಪಷ್ಟಪಡಿಸುತ್ತದೆ. ವಿಕಿರಣಶೀಲ ವಸ್ತುವಿನ ಅರ್ಧಾಯುಷ್ಯವನ್ನು ಅಭ್ಯಾಸ ಮಾಡಿದ ವಿದ್ಯಾರ್ಥಿಗೆ ಇದು ಹಳೆಯ ಪರಿಚಯವೇ.

ಮನೆಯಲ್ಲಿಯೇ ಪ್ರಯೋಗ

ನಿಯಮವನ್ನು ನಂಬಬೇಕಾಗಿಲ್ಲ, ಪರೀಕ್ಷಿಸಬಹುದು. ಒಂದು ಕಾಗದದ ಮೇಲೆ 1 ಸೆಂಟಿಮೀಟರ್ ಅಗಲದ ಎರಡು ಪಟ್ಟಿಗಳನ್ನು ಅವುಗಳ ಮಧ್ಯರೇಖೆಗಳು 16 ಸೆಂಟಿಮೀಟರ್ ಅಂತರದಲ್ಲಿರುವಂತೆ ಬರೆಯಿರಿ. ಪೆನ್ಸಿಲಿನ ತುದಿಯಿಂದ ಒಂದಾದ ಮೇಲೊಂದರಂತೆ ಎರಡನ್ನೂ ವೇಗವಾಗಿ, ಆದರೆ ತಪ್ಪದಂತೆ, 20 ಸಲ ಮುಟ್ಟಿರಿ. ಗೆಳೆಯನೊಬ್ಬನು ನಿಲುಗಡಿಯಾರ ಹಿಡಿದು ಕಾಲವನ್ನು ಗುರುತಿಸಲಿ. ಅದನ್ನು 20ರಿಂದ ಭಾಗಿಸಿದರೆ ಒಂದು ಚಲನೆಯ ಕಾಲ ದೊರೆಯುತ್ತದೆ. ಇದೇ ಕ್ರಮದಲ್ಲಿ 16 ಸೆಂಟಿಮೀಟರ್ ದೂರ 2 ಸೆಂಟಿಮೀಟರ್ ಅಗಲ, 16 ದೂರ 4 ಅಗಲ, 8 ದೂರ 2 ಅಗಲ, 4 ದೂರ 2 ಅಗಲ ಇವುಗಳನ್ನೂ ಅಳೆಯಿರಿ. ಐದು ಕಾಗದಗಳ ಕಠಿನತಾಂಕಗಳು ಅನುಕ್ರಮವಾಗಿ 5, 4, 3, 3, 2. ಪಟ್ಟಿಯ ಹೊರಗೆ ಬಿದ್ದ ಚುಕ್ಕೆಗಳು ಹೆಚ್ಚಾಗಿದ್ದರೆ ಆ ಸರದಿಯನ್ನು ಬಿಟ್ಟು ಮತ್ತೆ ಮಾಡಿರಿ. ನಾಲ್ಕೈದು ಜನರಿಂದ ಮಾಡಿಸಿ ಸರಾಸರಿ ತೆಗೆಯಿರಿ.

ಈ ಪ್ರಯೋಗದ ಸ್ವಾರಸ್ಯವಿರುವುದು ಮೂರನೆಯ ಮತ್ತು ನಾಲ್ಕನೆಯ ಕಾಗದಗಳಲ್ಲಿ. ಒಂದರಲ್ಲಿ ಕೈಯು ಇನ್ನೊಂದರ ಎರಡರಷ್ಟು ದೂರ ಚಲಿಸಬೇಕು; ಆದರೂ ನಿಯಮದ ಪ್ರಕಾರ ಕಾಲ ಹೆಚ್ಚುಕಡಮೆ ಒಂದೇ ಆಗಬೇಕು. ಆಗುವುದೇ? ಮಾಡಿ ನೋಡಿರಿ.

ಫೋನಿನ ಪರದೆಯ ಮೇಲಿನ ಗುಂಡಿ ಎಷ್ಟು ದೊಡ್ಡದಿರಬೇಕು, ಪದೇಪದೇ ಬೇಕಾಗುವ ಗುಂಡಿ ಎಲ್ಲಿರಬೇಕು ಎಂಬ ಪ್ರಶ್ನೆಗಳಿಗೆ ಈ ನಿಯಮವೇ ದಾರಿದೀಪ. ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ವಿದ್ಯುತ್ ಇಂಜಿನಿಯರನ ಕಲ್ಪನೆಯಂತೆ 1964ರಲ್ಲಿ ಮರದ ಪುಟ್ಟ ಪೆಟ್ಟಿಗೆಯಲ್ಲಿ ಮೊದಲ 'ಮೌಸ್' ತಯಾರಾಯಿತು; 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಅವನು ಅದನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದನು. ಅದು ಇತರ ಸಾಧನಗಳಿಗಿಂತ ಮೇಲೆಂಬುದನ್ನು 1978ರಲ್ಲಿ ಕಾರ್ಡ್, ಇಂಗ್ಲಿಷ್, ಬರ್ ಎಂಬ ಮೂವರು ಪ್ರಯೋಗಗಳಿಂದ ತೋರಿಸಿದರು. ಮೌಸಿನ ಚಲನೆಯು ಫಿಟ್ಸನ ನಿಯಮವನ್ನು ಅನುಸರಿಸುತ್ತದೆಂದೂ ಅದರ ವೇಗ ಬರಿಗೈಯ ವೇಗಕ್ಕೆ ಸಮೀಪವಾಗಿದೆಯೆಂದೂ ಅವರು ಕಂಡರು. 1982ರಲ್ಲಿ ಅಮೆರಿಕದ ಗೇದರ್ಸ್‌ಬರ್ಗಿನಲ್ಲಿ ನಡೆದ ಸಮ್ಮೇಳನದ ತರುವಾಯ ಈ ಅಧ್ಯಯನವು ಸ್ವತಂತ್ರ ವಿಷಯವಾಗಿ ಬೆಳೆಯಿತು.

ಆಯ್ಕೆಗೂ ಇಂತಹದೊಂದು ನಿಯಮವಿದೆ. ಎದುರಿಗಿರುವ ಆಯ್ಕೆಗಳು ಇಮ್ಮಡಿಸಿದಾಗ ನಿರ್ಣಯದ ಕಾಲ ಇಮ್ಮಡಿಯಾಗುವುದಿಲ್ಲ. ಪ್ರತಿ ಇಮ್ಮಡಿಗೆ ಒಂದೇ ಪ್ರಮಾಣದಷ್ಟು ಏರುತ್ತದೆ. 1952ರಲ್ಲಿ ಇಂಗ್ಲೆಂಡಿನ ಹಿಕ್ ಇದನ್ನು ಪ್ರಕಟಿಸಿದನು. ಇಸ್ಪೀಟಿನ 52 ಎಲೆಗಳನ್ನು ಮೊದಲು ನೋಡದೆ ಎರಡು ರಾಶಿ ಮಾಡಿರಿ. ಬಳಿಕ ಬಣ್ಣದ ಪ್ರಕಾರ ಎರಡು ರಾಶಿ, ಜಾತಿಯ ಪ್ರಕಾರ ನಾಲ್ಕು ರಾಶಿ ಮಾಡಿರಿ. ಮೊದಲಿನ ಕಾಲವನ್ನು ಉಳಿದೆರಡರಿಂದ ಕಳೆದರೆ ನಿರ್ಣಯಕ್ಕೆ ಸಂದ ಕಾಲವೆಷ್ಟೆಂಬುದರ ಅಂದಾಜು ಸಿಗುತ್ತದೆ.

ಮೂರು ಅಕ್ಷರ, ಎಂಟು ಕೀಲಿ

ಇದೆಲ್ಲ ಪರದೇಶದ ಮಾತಾಯಿತು. ನಮಗೇನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ, ಅದೂ ನಮ್ಮ ಲಿಪಿಯಲ್ಲಿಯೇ ಇದೆ.

ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ಕಡೆಯ ರಸ್ತೆ ಕವಲೊಡೆಯುವಲ್ಲಿ, ಸುಳ್ಯಕ್ಕೆ ಸಮೀಪವಾಗಿ, ಜಾಲ್ಸೂರು ಎಂಬ ಊರಿದೆ. ಈ ಹೆಸರನ್ನೇ ಬರೆದು ನೋಡಿರಿ. ಕಣ್ಣಿಗೆ ಕಾಣುವುದು ಮೂರು ಅಕ್ಷರ: ಜಾ, ಲ್ಸೂ, ರು. ನಡುವಿನ ಅಕ್ಷರವನ್ನು ಪರಿಶೀಲಿಸಿರಿ. 'ಊ'ಕಾರದ ಚಿಹ್ನೆ ಕಣ್ಣಿಗೆ ಲಕಾರಕ್ಕೆ ಅಂಟಿಕೊಂಡಂತಿದೆ, ಸಕಾರ ಒತ್ತಾಗಿ ಕೆಳಗಿದೆ. ಕಿವಿಗಾದರೋ 'ಊ' ಕೇಳುವುದು ಸಕಾರದ ಬಳಿಕ. ಕಣ್ಣಿನ ಕ್ರಮ ಬೇರೆ, ಕಿವಿಯ ಕ್ರಮ ಬೇರೆ. ಯಂತ್ರದ ಮೇಲೆ ಬರೆಯುವವನು ಯಾವ ಕ್ರಮವನ್ನು ಅನುಸರಿಸಬೇಕು?

ಅಚ್ಚುಮೊಳೆಗಳ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಕಣ್ಣಿನ ಕಡೆಗಿತ್ತು. ಮೊಳೆ ಜೋಡಿಸುವವರು ನೂರಾರು ಮನೆಗಳಿದ್ದ ಪೆಟ್ಟಿಗೆಯಿಂದ ಆಕಾರಗಳನ್ನು ಆರಿಸಬೇಕಾಗಿತ್ತು. ಬೆರಳಚ್ಚು ಯಂತ್ರದಲ್ಲಿ ಕೀಲಿಗಳು ಐವತ್ತನ್ನೂ ಮೀರದಿರುವುದರಿಂದ ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತುಗಳೆಂದು ತುಂಡುಮಾಡಿ ಹಂಚಬೇಕಾಯಿತು. ಆ ತುಂಡುಗಳನ್ನು ಜೋಡಿಸುವ ಹೊರೆ ಬೆರಳಚ್ಚುಗಾರರ ಮೇಲೆ ಬಿದ್ದಿತು. ಯಂತ್ರಕ್ಕೆ ಬುದ್ಧಿಯಿಲ್ಲದಿದ್ದುದರಿಂದ ಮನುಷ್ಯನೇ ಅದರ ಕೆಲಸವನ್ನೂ ಮಾಡಬೇಕಾಯಿತು.

ಗಣಕಯಂತ್ರ ಬಂದ ಮೇಲೆ ಈ ಹೊರೆಯನ್ನು ಯಂತ್ರಕ್ಕೆ ವರ್ಗಾಯಿಸಬಹುದೆಂಬುದನ್ನು ಚೆನ್ನಾಗಿ ಕಂಡವರಲ್ಲಿ ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಪ್ರಮುಖರು. ಬರೆಯುವವರು ಧ್ವನಿಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಒತ್ತಿದರೆ ಸಾಕು. ಆಕಾರವನ್ನು ಕಟ್ಟುವುದು ಯಂತ್ರದ ಕೆಲಸ ಎಂಬುದು ಅವರ ವಿನ್ಯಾಸದ ತತ್ತ್ವ. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ತಮ್ಮ ತಂತ್ರಾಂಶಕ್ಕೆ ಅವರು 'ಸೇಡಿಯಾಪು' ಎಂದು ಹೆಸರಿಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಬಳಕೆಯಾದ ಕೀಲಿಮಣೆಗೂ ಈ ವಿನ್ಯಾಸವೇ ಆಧಾರ.

ಅದರಲ್ಲಿ ಜಾಲ್ಸೂರು ಎಂದು ಬರೆಯುವ ಕ್ರಮ ಹೀಗೆ: ಜ, ದೀರ್ಘದ ಚಿಹ್ನೆ, ಲ, ವ್ಯಂಜನಗಳನ್ನು ಬೆಸೆಯುವ ಕೊಂಡಿ, ಸ, ಊಕಾರ, ರ, ಉಕಾರ. ಒಟ್ಟು ಎಂಟು ಕೀಲಿಗಳು. ಅವುಗಳಲ್ಲಿ ಎರಡು ದೀರ್ಘಗಳಿಗೆ ಮಾತ್ರ ಶಿಫ್ಟ್ ಕೀಲಿಯ ನೆರವು ಬೇಕು. ಕೊಂಡಿಯ ಕೆಲಸಕ್ಕೆ ಇಂಗ್ಲಿಷಿನ 'ಎಫ್' ಕೀಲಿಯನ್ನು ಇಟ್ಟಿದೆ. ಎಡಗೈಯ ತೋರುಬೆರಳು ಸಹಜವಾಗಿ ವಿಶ್ರಮಿಸುವ ಸ್ಥಾನವದು. ಒತ್ತಕ್ಷರಗಳು ಹೇರಳವಾಗಿರುವ ಕನ್ನಡದಲ್ಲಿ ಪದೇಪದೇ ಬೇಕಾಗುವ ಕೀಲಿಯು ಬೆರಳಿನ ಬುಡದಲ್ಲಿಯೇ ಇರುವುದು ಎಂತಹ ಅನುಕೂಲವೆಂಬುದನ್ನು ಫಿಟ್ಸನ ನಿಯಮ ಬಲ್ಲ ವಿದ್ಯಾರ್ಥಿಗೆ ವಿವರಿಸಬೇಕಾಗಿಲ್ಲ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿಯೂ ಈ ಹೆಸರು ಎಂಟು ಸಂಕೇತಗಳ ಸಾಲು. ಅದರ ಕ್ರಮವೂ ಕಿವಿಯ ಕ್ರಮವೇ.

ಇದೊಂದೇ ಮಾರ್ಗವೆಂದು ತಿಳಿಯಬಾರದು. ಭಾರತ ಸರಕಾರದ 'ಇನ್‌ಸ್ಕ್ರಿಪ್ಟ್' ಕೀಲಿಮಣೆಯಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ ಬರುತ್ತವೆ. ಒಂದು ಭಾರತೀಯ ಭಾಷೆಯಲ್ಲಿ ಕಲಿತರೆ ಉಳಿದವುಗಳಲ್ಲಿಯೂ ಅದೇ ಧ್ವನಿ ಅದೇ ಸ್ಥಾನದಲ್ಲಿ ಸಿಗುತ್ತದೆ. ಇಂದು ಫೋನುಗಳಲ್ಲಿ ಅನೇಕರು ಇಂಗ್ಲಿಷ್ ಅಕ್ಷರಗಳಲ್ಲಿಯೇ ಕನ್ನಡವನ್ನು ಒತ್ತುತ್ತಾರೆ. ಯಂತ್ರ ಊಹಿಸಿ ಕನ್ನಡಕ್ಕೆ ತಿರುಗಿಸುತ್ತದೆ. ಹೊಸದಾಗಿ ಕಲಿಯುವ ಶ್ರಮ ಇದರಲ್ಲಿಲ್ಲ. ಆದರೆ 'ಹಾಲು' ಮತ್ತು 'ಹಾಳು' ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ ಬರುವುದರಿಂದ ಯಂತ್ರದ ಊಹೆ ತಪ್ಪುವ ಸಂಭವವಿದೆ. ಇಂಗ್ಲಿಷ್ ಅರಿಯದವರಿಗಂತೂ ತಮ್ಮ ಮಾತನ್ನು ಬರೆಯಲು ಪರಲಿಪಿಯ ಹೊಸ್ತಿಲನ್ನು ದಾಟಬೇಕಾಗುತ್ತದೆ. ಹೊಸಬರಿಗೆ ಯಾವುದು ಸುಲಭ, ಅಭ್ಯಾಸವಾದವರಿಗೆ ಯಾವುದು ವೇಗ, ಯಾವುದರಲ್ಲಿ ತಪ್ಪು ಕಡಮೆ? ಇವು ಅಭಿಪ್ರಾಯದ ಪ್ರಶ್ನೆಗಳಲ್ಲ, ಪ್ರಯೋಗದ ಪ್ರಶ್ನೆಗಳು.

ಸುಳ್ಯದ ಕಡೆ ಕನ್ನಡದೊಡನೆ ತುಳು, ಅರೆಭಾಷೆ, ಮಲಯಾಳಗಳೂ, ಸಿಂಹಳದಿಂದ ಬಂದು ರಬ್ಬರ್ ತೋಟಗಳಲ್ಲಿ ನೆಲೆಸಿದವರ ತಮಿಳೂ ಕೇಳಿಸುತ್ತವೆ. 2024ರಲ್ಲಿ ತುಳು-ತಿಗಳಾರಿ ಲಿಪಿಗೂ ಯೂನಿಕೋಡಿನಲ್ಲಿ ಸ್ಥಾನ ದೊರೆತಿದೆ. ಸಂಕೇತ ದೊರೆತ ಮಾತ್ರಕ್ಕೆ ಬರವಣಿಗೆ ಸುಗಮವಾಗುವುದಿಲ್ಲ. ಕೀಲಿಗಳ ಹಂಚಿಕೆ, ಅಕ್ಷರರೂಪ, ಕಲಿಕೆಯ ಕ್ರಮ ಇವೆಲ್ಲವೂ ಆಗಬೇಕಾದ ಕೆಲಸಗಳು. ಪದವಿ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಸಂಶೋಧನಾ ವಸ್ತು ಬೇಕೇ?

ಮತಯಂತ್ರದ ಕೆಂಪುದೀಪ

ಹದಿನೆಂಟು ವರ್ಷ ತುಂಬಿದ ಪ್ರತಿಯೊಬ್ಬರೂ ಮುಟ್ಟುವ ಒಂದು ಯಂತ್ರದಲ್ಲಿ ಈ ಶಾಸ್ತ್ರದ ಮುಖ್ಯ ತತ್ತ್ವಗಳನ್ನು ಒಟ್ಟಾಗಿ ಕಾಣಬಹುದು. ವಿದ್ಯುನ್ಮಾನ ಮತಯಂತ್ರವನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸಂಸ್ಥೆಗಳು ತಯಾರಿಸುತ್ತವೆ. 1982ರಲ್ಲಿ ಕೇರಳದ ಪರೂರಿನಲ್ಲಿ ಅದರ ಮೊದಲ ಬಳಕೆಯಾಯಿತು; 2004ರ ಲೋಕಸಭಾ ಚುನಾವಣೆ ಇಡೀ ದೇಶದಲ್ಲಿ ಅದರಿಂದಲೇ ನಡೆಯಿತು.

ಅದರ ಮತದಾನ ಘಟಕವನ್ನು ಗಮನಿಸಿರಿ. ಹೆಸರು ಓದಲಾರದವರಿಗೆ ಚಿಹ್ನೆಯಿದೆ. ಕಣ್ಣು ಕಾಣದವರಿಗೆ ಗುಂಡಿಯ ಬಳಿ ಬ್ರೈಲ್ ಸಂಖ್ಯೆಯಿದೆ. ಗುಂಡಿ ಒತ್ತಿದೊಡನೆ ಒತ್ತಿದ ಸಾಲಿನಲ್ಲಿಯೇ ಕೆಂಪು ದೀಪ ಬೆಳಗುತ್ತದೆ. ದೀರ್ಘವಾದ ಸದ್ದೂ ಕೇಳುತ್ತದೆ. ಮಾಡಿದ ಕ್ರಿಯೆ ಯಂತ್ರಕ್ಕೆ ತಲಪಿತೆಂಬ ಪ್ರತ್ಯುತ್ತರವಿದು. ಮತ್ತೊಮ್ಮೆ ಒತ್ತಿದರೆ ಎರಡನೆಯ ಮತ ಬೀಳುವುದಿಲ್ಲ. ಅಧಿಕಾರಿಯು ನಿಯಂತ್ರಣ ಘಟಕದಿಂದ ಅನುಮತಿ ಕೊಡುವವರೆಗೆ ಯಂತ್ರ ಮುಚ್ಚಿರುತ್ತದೆ. ತಪ್ಪು ಆದ ಮೇಲೆ ಗದರಿಸುವ ಬದಲು ತಪ್ಪಿಗೆ ಅವಕಾಶವನ್ನೇ ಇಲ್ಲವಾಗಿಸುವ ಉಪಾಯವಿದು. ಈಗ ಜೋಡಿಸಿರುವ ಮುದ್ರಣಯಂತ್ರದ ಗಾಜಿನ ಹಿಂದೆ, ಮತ ಯಾರಿಗೆ ಬಿದ್ದಿತೆಂದು ತೋರಿಸುವ ಚೀಟಿಯು 7 ಸೆಕೆಂಡುಗಳ ಕಾಲ ಕಾಣಿಸುತ್ತದೆ.

ಇದನ್ನೇ ಫೋನಿನ ಮೂಲಕ ಹಣ ಕಳುಹಿಸುವ ಕ್ರಿಯೆಗೆ ಹೋಲಿಸಿರಿ. 2016ರಲ್ಲಿ ಆರಂಭವಾದ ಯು.ಪಿ.ಐ. ವ್ಯವಸ್ಥೆಯಲ್ಲಿ ತಪ್ಪು ಸಂಖ್ಯೆಗೆ ಹೋದ ಹಣವನ್ನು ಒಂದು ಗುಂಡಿಯಿಂದ ಹಿಂದಕ್ಕೆ ಕರೆಯಲು ಬರುವುದಿಲ್ಲ. ಆದುದರಿಂದಲೇ ಕಳುಹಿಸುವ ಮುನ್ನ ಪಡೆಯುವವರ ಹೆಸರು ಪರದೆಯ ಮೇಲೆ ಸ್ಪಷ್ಟವಾಗಿ ಕಾಣಬೇಕು. ಆ ಹೆಸರು ಸಣ್ಣ ಅಕ್ಷರದಲ್ಲಿ, ಓದಲು ಬಾರದ ಭಾಷೆಯಲ್ಲಿ ಇದ್ದರೆ ಎಚ್ಚರಿಕೆ ಇದ್ದೂ ಇಲ್ಲದಂತೆ. ಹಿಂತಿರುಗಲಾರದ ಕ್ರಿಯೆಗೆ ಮುನ್ನ ಸ್ಪಷ್ಟವಾದ ಪ್ರಶ್ನೆ, ನಂತರ ಸ್ಪಷ್ಟವಾದ ಉತ್ತರ. ಇದು ವಿನ್ಯಾಸಕಾರನ ಮೊದಲ ಧರ್ಮ.

ಪದವಿ ತರಗತಿಯಲ್ಲಿ ಏನನ್ನು ಕಲಿಯಬೇಕು?

ಗಣಕ ವಿಜ್ಞಾನವೆಂದರೆ ಪ್ರೋಗ್ರಾಮ್ ಬರೆಯುವುದು ಮಾತ್ರವೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಪ್ರೋಗ್ರಾಮ್ ಬರೆಯಲು ಬರಲೇಬೇಕು. ಆದರೆ ಈ ಶಾಸ್ತ್ರಕ್ಕೆ ಅದು ಅರ್ಧ ಮಾತ್ರ. ಇನ್ನರ್ಧವು ದೃಷ್ಟಿ, ಸ್ಮೃತಿ, ಗಮನಗಳನ್ನು ಕುರಿತ ಮನಶ್ಶಾಸ್ತ್ರ. ಅಳತೆಗಳನ್ನು ತೂಗಿ ನೋಡುವ ಸಂಖ್ಯಾಶಾಸ್ತ್ರ. ಕಲ್ಪನೆಯನ್ನು ಕಾಗದದ ಮೇಲೆ ಮೂಡಿಸುವ ರೇಖನ. ಮತ್ತು ನಮ್ಮಂತಹ ಬಹುಭಾಷಾ ದೇಶದಲ್ಲಿ ಭಾಷಾಶಾಸ್ತ್ರದ ಪರಿಚಯ. ಫಿಟ್ಸ್ ಮನಶ್ಶಾಸ್ತ್ರಜ್ಞ, ಎಂಗೆಲ್‌ಬಾರ್ಟ್ ಇಂಜಿನಿಯರ್. ಒಂದೇ ಬಾಗಿಲಿನಿಂದ ಬಂದವರು ಕಟ್ಟಿದ ಮನೆ ಇದಲ್ಲ.

ಇಂಜಿನಿಯರಿಂಗ್ ಹಾಗೂ ಗಣಕ ಪದವಿಗಳಲ್ಲಿ ಇದು ಸಾಮಾನ್ಯವಾಗಿ ಮೂರನೆಯ ಅಥವಾ ನಾಲ್ಕನೆಯ ವರ್ಷದ ಐಚ್ಛಿಕ ವಿಷಯವಾಗಿ ಬರುತ್ತದೆ. ವಿನ್ಯಾಸವನ್ನೇ ಮುಖ್ಯವಾಗಿ ಕಲಿಯಬಯಸುವವರಿಗೆ ಗುವಾಹಟಿ, ಮುಂಬಯಿ ಮುಂತಾದ ಐ.ಐ.ಟಿ.ಗಳಲ್ಲಿ ನಾಲ್ಕು ವರ್ಷದ ವಿನ್ಯಾಸ ಪದವಿಯಿದೆ. ಅದರ ಪ್ರವೇಶ ಪರೀಕ್ಷೆಯಾದ ಯು.ಸಿ.ಇ.ಇ.ಡಿ.ಯನ್ನು ವಿಜ್ಞಾನದವರು ಮಾತ್ರವಲ್ಲ, ವಾಣಿಜ್ಯ, ಕಲೆಗಳನ್ನು ಓದಿದವರೂ ಬರೆಯಬಹುದೆಂಬುದು ಅನೇಕರಿಗೆ ತಿಳಿಯದು. 1961ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಒಂದು ಕೇಂದ್ರ ಬೆಂಗಳೂರಿನಲ್ಲಿದೆ. ಪದವಿಯ ಬಳಿಕ ಅಲ್ಲಿ ಮುಂದುವರಿಯಬಹುದು. ಊರು ಬಿಡಲಾಗದವರು ಎನ್.ಪಿ.ಟಿ.ಇ.ಎಲ್. ಮೂಲಕ ಐ.ಐ.ಟಿ. ಅಧ್ಯಾಪಕರ ಉಪನ್ಯಾಸಗಳನ್ನು ಮನೆಯಲ್ಲಿಯೇ ಉಚಿತವಾಗಿ ಕೇಳಬಹುದು.

ಆದರೂ ಪದವಿಯ ಹೆಸರಿಗೆ ಮರುಳಾಗಬೇಡಿರಿ. ಭೌತಶಾಸ್ತ್ರವನ್ನೋ ಗಣಿತವನ್ನೋ ಮನಶ್ಶಾಸ್ತ್ರವನ್ನೋ ಆಳವಾಗಿ ಕಲಿತವನು ಅನಂತರ ಈ ಕ್ಷೇತ್ರಕ್ಕೆ ಬರಬಲ್ಲನು. ಒಂದರಲ್ಲಿಯೂ ಬೇರೂರದೆ ಎಲ್ಲವನ್ನೂ ಸ್ವಲ್ಪಸ್ವಲ್ಪ ಮುಟ್ಟಿದವನಿಗೆ ಇಲ್ಲಿ ನಿಲ್ಲುವುದು ಕಷ್ಟ.

ವಿಧಾನವನ್ನಂತೂ ಇಂದೇ ಆರಂಭಿಸಬಹುದು. ಮನೆಯ ಹಿರಿಯರೊಬ್ಬರನ್ನು, ಅವರ ಒಪ್ಪಿಗೆ ಪಡೆದು, ಫೋನಿನಲ್ಲಿ ಒಂದು ಸಂದೇಶವನ್ನು ಕನ್ನಡದಲ್ಲಿ ಬರೆದು ಕಳುಹಿಸುವಂತೆ ಕೇಳಿಕೊಳ್ಳಿರಿ. "ಪರೀಕ್ಷೆ ಫೋನಿಗೆ, ನಿಮಗಲ್ಲ" ಎಂದು ಮೊದಲೇ ಹೇಳಿರಿ. ಬಳಿಕ ಬಾಯಿ ಮುಚ್ಚಿ ನೋಡಿರಿ. ಬೆರಳು ಎಲ್ಲಿ ತಡೆಯಿತು, ಯಾವ ಚಿಹ್ನೆಯ ಅರ್ಥ ತಿಳಿಯಲಿಲ್ಲ, ಎಷ್ಟು ಸಲ ಹಿಂದಿರುಗಿದರು ಎಂಬುದನ್ನು ಬರೆದಿಡಿರಿ. ಐವರಲ್ಲಿ ನಾಲ್ವರು ಒಂದೇ ಕಡೆ ತಡವರಿಸಿದರೆ, ಆ ಪರದೆ ಹೇಗಿರಬೇಕಿತ್ತೆಂದು ಕಾಗದದ ಮೇಲೆ ಬರೆದು, ಅದನ್ನೇ ಫೋನೆಂದು ಭಾವಿಸಿ ಮುಟ್ಟಲು ಇನ್ನೈವರಿಗೆ ಹೇಳಿರಿ. ನೋಡುವುದು, ಊಹಿಸುವುದು, ಮಾದರಿ ಮಾಡುವುದು, ಪರೀಕ್ಷಿಸುವುದು, ತಿದ್ದುವುದು: ಈ ಐದು ಮೆಟ್ಟಿಲುಗಳನ್ನು ಮತ್ತೆ ಮತ್ತೆ ಹತ್ತುವುದೇ ಈ ಶಾಸ್ತ್ರದ ಕ್ರಮ.

ಹಳ್ಳಿಯಿಂದ ಬಂದು ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳು ಇಂತಹ ವಿಷಯಗಳು ನಗರದವರಿಗೆ ಮೀಸಲೆಂದು ಹಿಂಜರಿಯುವುದುಂಟು. ನಿಜವನ್ನು ವಿಚಾರಿಸಿದರೆ ಅವರ ಕೈಯಲ್ಲಿ ನಗರದವರಿಗೆ ಸುಲಭವಾಗಿ ಸಿಗದ ಅರಿವಿದೆ. ಅಡಿಕೆ ಸುಲಿದು, ರಬ್ಬರ್ ಹಾಲು ತೆಗೆದು ಬೆರಳಿನ ಗೆರೆ ಸವೆದವರ ಗುರುತನ್ನು ಬೆರಳಚ್ಚಿನ ಯಂತ್ರ ಹಿಡಿಯಲಾರದೆ ಹೋಗುವುದುಂಟು. ಅಂಥವರಿಗೆ ಬೇರೊಂದು ದಾರಿ ಇರಬೇಕೆಂಬುದು ಆ ಬೆರಳುಗಳನ್ನು ಕಂಡು ಬೆಳೆದವರಿಗೆ ಮೊದಲು ಹೊಳೆಯುತ್ತದೆ. ಅವರು ಹಿಂದೆ ನಿಂತರೆ ಆ ಬೆರಳುಗಳ ಪರವಾಗಿ ಪ್ರಯೋಗಶಾಲೆಯಲ್ಲಿ ಮಾತನಾಡುವವರು ಯಾರು? ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ತಮ್ಮದಾಗಿಸಿಕೊಂಡು, ಅಳತೆಗೋಲನ್ನೂ ನಿಲುಗಡಿಯಾರವನ್ನೂ ಕೈಗೆತ್ತಿಕೊಳ್ಳಬೇಕು.